ಕಂಕಣ ಕಟ್ಟಿದ ಬಂದೂಕು

"ಆಟ್ರಿ ಮೇಡಂ, ಬರೇ ಆಟ. ನೀವ ನೋಡ್ರಿ, ಅಂವನೂ ನಗಾಕತ್ತಾನ" ಎನ್ನುತ್ತ ಶಶಿಕಾಂತ ತನ್ನ ಫೋನನ್ನು ಇನ್ಸ್‌ಪೆಕ್ಟರ್ ದ್ರಾಕ್ಷಾಯಿಣಿಯ ಮುಖದ ಹತ್ತಿರಕ್ಕೆ ಹಿಡಿದ.

ಪರದೆಯ ಮೇಲಿದ್ದ ತೋಟದ ಆಳು ಹೇಮಪ್ಪ ನಗುತ್ತಿರಲಿಲ್ಲ. ಹಲ್ಲು ಕಾಣುತ್ತಿದ್ದವು, ಅಷ್ಟೇ. ಬಲಗೈ ಉದ್ದಕ್ಕೆ ಚಾಚಿ, ಅಂಗೈಮೇಲೆ ಒಂದು ಸಣ್ಣ ಕುಂಬಳಕಾಯಿ ಇಟ್ಟುಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ ನಿಂತಿದ್ದ. ಈಚೆ ತುದಿಯಲ್ಲಿ ಬಣ್ಣದ ಕನ್ನಡಕ ಹಾಕಿಕೊಂಡ ಶಶಿಕಾಂತ. ಅವನ ಕೈಯಲ್ಲಿ ಮುತ್ತಜ್ಜನ ಕಾಲದ ಹಿತ್ತಾಳೆ ಮೈಯ ಬಂದೂಕು.

ಟ್ರಿಗರಿನ ಕೆಳಗೆ ಬಳೆಯಂತೆ ಬಾಗಿದ ಹಿಡಿಕೆಯೊಂದಿತ್ತು. ಅದನ್ನು ಅವನು ಎರಡು ಬೆರಳಿನಿಂದ ಕೆಳಗೆ ತಳ್ಳಿ ಮತ್ತೆ ಮೇಲಕ್ಕೆ ಎಳೆದ. ಹಿಂದಿನ ಏಟಿನ ಖಾಲಿ ತೋಟಾ ಚಿಮ್ಮಿ ಬಿತ್ತು, ಹೊಸದು ಒಳಗೆ ಹೋಯಿತು. ಢಂ ಎಂದಿತು. ಕುಂಬಳಕಾಯಿ ಹೋಳಾಗಿ ಹೇಮಪ್ಪನ ಮುಖಕ್ಕೆ ರಾಚಿತು. ಸುತ್ತ ನಿಂತವರು ಹೋ ಎಂದು ನಕ್ಕರು. ಹೇಮಪ್ಪ ತಿರುಳು ಒರೆಸಿಕೊಳ್ಳುತ್ತ ಓಡಿ ಬಂದು, ಖಾಲಿ ತೋಟಾ ಹುಡುಕಲು ಬಗ್ಗಿದ.

"ಈ ಬಂದೂಕಿಗೆ ಈಗ ತೋಟಾ ಸಿಗಂಗಿಲ್ಲರಿ. ಖಾಲಿ ಆಗಿದ್ದನ್ನ ಆರಿಸಿ ಮತ್ತ ತುಂಬಿಸ್ಕೋಬೇಕು. ಅದಕ್ಕ ಹೇಮಪ್ಪ ಭಾಳ ಹುಷಾರಿದ್ದ" ಎಂದ ಶಶಿಕಾಂತ, ಚಲೋ ನಾಯಿಯೊಂದು ಸತ್ತುಹೋದದ್ದನ್ನು ಹೇಳುವ ದನಿಯಲ್ಲಿ.

ಹದಿನಾರು ವರ್ಷದ ನೌಕರಿಯಲ್ಲಿ ದ್ರಾಕ್ಷಾಯಿಣಿ ಬೇಕಾದಷ್ಟು ಹೆಣ ನೋಡಿದ್ದಳು, ಬೇಕಾದಷ್ಟು ಕೊಲೆಗಡುಕರನ್ನೂ. ಆದರೆ ಬದುಕಿದ್ದ ಮನುಷ್ಯನನ್ನು ಗುರಿಹಲಗೆ ಮಾಡಿ, ಅದರ ವಿಡಿಯೋ ತೆಗೆದು, ಅದನ್ನು ಪೊಲೀಸರಿಗೇ ಹೆಮ್ಮೆಯಿಂದ ತೋರಿಸುವ ಮಹಾಶಯನನ್ನು ಇವತ್ತೇ ನೋಡಿದ್ದು. ವಿಡಿಯೋ ತನಗೆ ಕಳಿಸಲು ಹೇಳಿದಳು. ಕಳಿಸಿಯೂ ಕಳಿಸಿದ ಪುಣ್ಯಾತ್ಮ.

ಆಯುಧಗಳನ್ನು ಪೂಜಿಸುವ ಖಂಡೆಪೂಜೆಯ ಮರುದಿನ, ಬನ್ನಿ ಹಬ್ಬದ ಬೆಳಿಗ್ಗೆ, ರಾಣೆಬೆನ್ನೂರಿನ ಚಿಗರಿಗಳ, ಅಂದರೆ ಕೃಷ್ಣಮೃಗಗಳ, ಕಾಡಿನ ಅಂಚಿಗೆ ಹೇಮಪ್ಪನ ಹೆಣ ಸಿಕ್ಕಿತ್ತು, ಎದೆಯಲ್ಲಿ ಸೀಸದ ಗುಂಡು, ಪಕ್ಕದಲ್ಲಿ ಸತ್ತ ಚಿಗರಿ. ಕಳ್ಳಬೇಟೆಗಾರರು ತಮ್ಮತಮ್ಮಲ್ಲೇ ಬಡಿದಾಡಿಕೊಂಡರು ಎಂದು ಊರೆಲ್ಲ ತೀರ್ಪು ಕೊಟ್ಟಾಗಿತ್ತು.

ಶಶಿಕಾಂತನ ಮನೆಯವರ ಹಲಗೇರಿಯ ಈ ತೋಟದಲ್ಲಿ ವರ್ಷಾವರ್ಷ ಖಂಡೆಪೂಜೆಯ ಹಿಂದಿನ ದಿನ ಗುರಿ ಹೊಡೆಯುವ ಪಂದ್ಯ ನಡೆಯುತ್ತಿತ್ತು. ಆ ವಿಡಿಯೋ ಈ ಸಲದ ಪಂದ್ಯದ್ದು. ಒಡೆಯದೆ ಉಳಿದ ಕುಂಬಳಕಾಯಿಗಳು ಬೇವಿನ ಮರಕ್ಕೆ ಇನ್ನೂ ಜೋತುಬಿದ್ದಿದ್ದವು. ತೂತಿನಿಂದ ಲೋಳೆ ಸುರಿದು, ಅದಕ್ಕೆ ನೊಣ ಮುತ್ತಿ ಗುಂಯ್‌ಗುಡುತ್ತಿತ್ತು. ಅದರ ಕೆಳಗೇ ಊಟದೆಲೆಗಳ ರಾಶಿ. ಯಾರಿಗೂ ಎತ್ತಿ ಹಾಕುವ ಪುರುಸೊತ್ತಾಗಿಲ್ಲ. ಎತ್ತುವವನು ಸತ್ತಿದ್ದನಲ್ಲ.

"ಇಲ್ಲಿ ಏನೂ ಇಲ್ಲರಿ ಮೇಡಂರ. ವಾಸನಿ ಬ್ಯಾರೆ. ಹೋಗೋಣು ನಡೀರಿ" ಎಂದ ಹೆಡ್ ಕಾನ್‌ಸ್ಟೇಬಲ್ ಹನುಮೇಶ.

"ಬ್ಯಾಡಗಿಗೆ, ಇವರ ಮನಿಗೆ ಹೋಗೋಣು. ಬಂದೂಕು ನೋಡಬೇಕು."

ಹನುಮೇಶ ಜೀಪು ಹತ್ತಿದ.

ದಾರಿಯುದ್ದಕ್ಕೂ ಆಕೆಯ ತಲೆಯಲ್ಲಿ ಹೇಮಪ್ಪನ ಹೆಂಡತಿ ದೇವವ್ವನೇ ತುಂಬಿದ್ದಳು. ಐರಣಿಯ ಆ ಹೆಂಗಸು ಹಾವೇರಿಯ ಶವಾಗಾರದ ಎದುರು ಬೇವಿನ ಕಟ್ಟೆಯ ಮೇಲೆ ಕೂತು ಮೂರನೇ ದಿನ. ಅತ್ತಿರಲಿಲ್ಲ. "ನನ್ನ ಗಂಡ ಚಿಗರಿ ಕಳ್ಳ ಅಂತ ಬರದ್ರ ನಾ ಹೆಣಾ ಒಯ್ಯೂದಿಲ್ಲರಿ. ಇಲ್ಲೇ ಕೊಳೀಲಿ. ನಾಳೆ ನನ್ನ ಮಕ್ಕಳನ್ನ ಕಳ್ಳನ ಮಕ್ಕಳು ಅಂತ ಊರು ಕರದ್ರ, ಅವಕ್ಕ ನಾ ಏನ್ ಹೇಳ್ಲಿ?" ಎಂದಿದ್ದಳು. ಮೇಲಿನ ಸಾಹೇಬರಿಗೆ ಆ ಹೆಂಗಸಿನ ಹಟಕ್ಕಿಂತ ವಾಸನೆಯದೇ ಚಿಂತೆ. ಸಂಜೆಯೊಳಗೆ ಬೇರೇನೂ ಸಿಗದಿದ್ದರೆ ಬೇಟೆಗಾರರ ಜಗಳವೆಂದು ಬರೆದು ಮುಗಿಸಿ ಎಂದು ಅಪ್ಪಣೆಯಾಗಿತ್ತು.

ಆದರೆ ಆ ಚಿಗರಿಯ ವಿಷಯ ದ್ರಾಕ್ಷಾಯಿಣಿಯ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು. ಸಿಕ್ಕಾಗ ಹೇಮಪ್ಪನ ಹೆಣ ಇನ್ನೂ ಹಸಿಯಾಗಿತ್ತು. ಚಿಗರಿಯಲ್ಲಿ ಹುಳ ಬಿದ್ದಿದ್ದವು. ಅದರ ಮೈಮೇಲೆ ಗುಂಡಿನ ಗಾಯವೇ ಇಲ್ಲ, ಸೊಂಟದ ಎಲುಬು ಪುಡಿಯಾಗಿತ್ತು. ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕು ಸತ್ತ ಮೂಕಪ್ರಾಣಿಯನ್ನು ಯಾರೋ ಎತ್ತಿ ತಂದು, ಸತ್ತ ಮನುಷ್ಯನ ಮಗ್ಗುಲಿಗೆ ಮಲಗಿಸಿದ್ದರು. ಕೊಳೆತದ್ದನ್ನು ಮುಟ್ಟಲು ಅವರಿಗೆ ಹೇಸಿಗೆ ಅನ್ನಿಸಿರಲಿಲ್ಲ.

"ಹೇಮಪ್ಪನ್ನ ಮೊದಲ ನೋಡಿದಾಂವ ನೀನ ಅಲ್ಲೇನು, ಹನುಮೇಶ?"

"ಹೌದ್ರಿ. ದನಾ ಕಾಯೋರು ಫೋನ್ ಮಾಡಿದ್ರು. ನಾ ಲಗೂನ ಹೋದೆ." ಹನುಮೇಶನ ಬಾಯಿಗೆ ಬಿಡುವೆಂಬುದೇ ಇಲ್ಲ. ಗುತ್ತಲದವನು, ಎಲ್ಲರ ಮನೆಯ ಸುದ್ದಿ ಗೊತ್ತು. "ಆ ಬಂದೂಕಿನ ಗೊಡವಿ ಬಿಡ್ರಿ ಮೇಡಂರ. ಶೋಕೇಸಿನ್ಯಾಗ ಇಡೂ ಮಾಲು ಅದು. ಹಿಡಿಕಿ ಎಷ್ಟ ಬಿಗಿ ಅಂತೀರಿ, ಮೊಣಕಾಲಿಗೆ ಒತ್ತಿ ಜಗ್ಗಿದ್ರೂ ಬರೂದಿಲ್ಲ. ಅದರಿಂದ ಯಾರು ಯಾರನ್ನ ಕೊಲ್ತಾರ?"

ಆಕೆ ಕಿಟಕಿಯಾಚೆ ನೋಡುತ್ತಿದ್ದಳು. ಬ್ಯಾಡಗಿ ಬಂದಿತ್ತು. ಅಂಗಳ, ಅಟ್ಟ, ರಸ್ತೆಯ ಮಗ್ಗುಲು ಎಲ್ಲೆಲ್ಲೂ ಮೆಣಸಿನಕಾಯಿ ಚೀಲ. ಘಾಟು ಮೂಗಿಗೆ ಹೊಡೆಯಿತು. ಹನುಮೇಶ ಪಟಪಟನೆ ಸೀನಿದ. ಪ್ರತಿ ಸಲದಂತೆ ಕೊನೆಯಲ್ಲಿ ಎದೆ ಮುಟ್ಟಿಕೊಂಡು "ಯಪ್ಪಾ ಸಿದ್ಧಾರೂಢಾ" ಎಂದ.

"ಈ ಊರಿಗೆ ಎಷ್ಟ ಸಲ ಬಂದ್ರೂ ನಿನ್ನ ಮೂಗು ಕಲಿಯೂದಿಲ್ಲ ನೋಡು" ಎಂದಳು ಆಕೆ. ಹನುಮೇಶ ಕರವಸ್ತ್ರ ತೆಗೆದು ಮೂಗು ಬಾಯಿ ಎರಡಕ್ಕೂ ಕಟ್ಟಿಕೊಂಡ.

ಮೆಣಸಿನಕಾಯಿ ವ್ಯಾಪಾರಿ ಅಂದಾನೆಪ್ಪ, ಶಶಿಕಾಂತನ ತಂದೆ, ಬಾಗಿಲಲ್ಲೇ ಕೈಮುಗಿದು ನಿಂತಿದ್ದ. ಬಿಳೀ ಧೋತರ, ಹಣೆತುಂಬ ವಿಭೂತಿ, ಬಾಯಿತುಂಬ ನಗು. ಶಶಿಕಾಂತ ಕಾರಿನಲ್ಲಿ ಮೊದಲೇ ಬಂದು ಸುದ್ದಿ ಮುಟ್ಟಿಸಿದ್ದ.

"ಬರ್ರಿ ಮೇಡಂರ, ಕುಂದ್ರಿ. ಮೊದಲ ಹೋಳಿಗಿ ತಿನ್ನಬೇಕು, ಆಮ್ಯಾಲೆ ಕೆಲಸ."

"ಬ್ಯಾಡರಿ ಸಾವಕಾರ್ರ. ಸೇರೂದಿಲ್ಲ."

ನಿಜವಾಗಿಯೂ ಸೇರುತ್ತಿರಲಿಲ್ಲ. ಪಂದ್ಯದ ದಿನ ಆ ತೋಟದಲ್ಲಿ, ಅದೇ ಹೇಮಪ್ಪ ಬಡಿಸಿದ ಹೋಳಿಗೆ ಇವರೆಲ್ಲ ಚಪ್ಪರಿಸಿರಬೇಕು. ಜಪ್ತಿಗೆ ಸಾಕ್ಷಿಯಾಗುವ ಪಂಚರನ್ನು ಕರೆತರಲು ಡ್ರೈವರನನ್ನು ಕಳಿಸಿ, ಹನುಮೇಶನೊಂದಿಗೆ ಒಳಗೆ ಹೋದಳು.

ದೇವರ ಕೋಣೆಯಲ್ಲಿ, ಪೀಠದ ಮೇಲೆ ಕೆಂಪು ಬಟ್ಟೆ ಹಾಸಿ ಬಂದೂಕನ್ನು ಅಡ್ಡ ಮಲಗಿಸಿದ್ದರು. ಹಿತ್ತಾಳೆಯ ಮೇಲೆ ವಿಭೂತಿ, ಕುಂಕುಮ, ಒಣಗಿದ ಚೆಂಡುಹೂವು. ಪಕ್ಕದ ತಟ್ಟೆಯಲ್ಲಿ ಮದ್ದು ತುಂಬಿದ ತೋಟಾಗಳನ್ನು ಕುಂಕುಮ ಹಚ್ಚಿ ಸಾಲಾಗಿ ನಿಲ್ಲಿಸಿದ್ದರು. ಬಳೆಯಂಥ ಹಿಡಿಕೆಯನ್ನೂ ಹಿಂಬದಿಯ ಕಟ್ಟಿಗೆಯನ್ನೂ ಸೇರಿಸಿ ಅರಿಷಿಣದ ದಾರದ ಕಂಕಣ ಬಿಗಿದಿದ್ದರು. ಬಾಗಿಲ ಬದಿಯ ಕಂಬಳಿಯ ಮೇಲೆ ಅಂದಾನೆಪ್ಪನ ತಾಯಿ ಸಿದ್ದವ್ವ ಕೂತಿದ್ದಳು. ಎರಡೂ ಕಣ್ಣಿಗೆ ಪೊರೆ. ಕಿವಿ ಮಾತ್ರ ಚುರುಕು.

"ನೋಡ್ರಿ, ಮೇಡಂರ" ಎಂದ ಅಂದಾನೆಪ್ಪ. "ಖಂಡೆಪೂಜಿ ಮುಂಜಾನೆ ಕಟ್ಟಿದ ಕಂಕಣ ಇದು. ಶೀಗಿ ಹುಣ್ಣಿಮಿಗೆ ಬಿಚ್ಚೂದು, ನಮ್ಮ ಮನಿ ಪದ್ಧತಿ. ದಾರಾ ಹರಿಯದ ಹಿಡಿಕಿ ಕೆಳಗ ಬರೂದಿಲ್ಲ. ಹಿಡಿಕಿ ಕೆಳಗ ಬರದ ಗುಂಡು ಒಳಗ ಹೋಗೂದಿಲ್ಲ. ಮರುದಿನಾ ಬನ್ನಿ ಕೊಡಾಕ ಬಂದಾಗ ಅರ್ಧಾ ಬ್ಯಾಡಗಿ ಈ ದಾರಾ ನೋಡೇತಿ. ಹೇಮಪ್ಪ ಸತ್ತದ್ದು ಪೂಜಿ ದಿನಾ ರಾತ್ರಿ ಅಂತೀರಿ. ಹೆಂಗ ಆಗ್ತದ?"

"ಗುರಿ ಹೊಡಿಯೂ ಪಂದ್ಯಾದಾಗ ಹಾಕಿದ ತೋಟಾ ಒಳಗ ಉಳದಿದ್ರ?"

ಅಂದಾನೆಪ್ಪನಿಗೆ ಅವಮಾನವಾದಂತಾಯಿತು. "ಉಳಿಯೂದಿಲ್ಲರಿ. ಮೂರು ತಲಿಯಿಂದ ನಡದು ಬಂದದ್ದು. ಪೂಜಿಗಿಂತ ಮೊದಲ ಬಂದೂಕಿನ ಹೊಟ್ಟಿ ಪೂರ್ತಿ ಖಾಲಿ ಮಾಡಿ, ನಳಗಿಗೆ ಎಣ್ಣಿ ಬಟ್ಟಿ ಆಡಿಸಿನ ದೇವರ ಮುಂದ ಇಡೂದು. ಈ ಸಲ ನಾನ ಕೈಯಾರೆ ಮಾಡೇನಿ."

"ಮತ್ತೊಮ್ಮೆ ಹೇಳ್ರಿ. ನೀವ ಮಾಡೀರಿ?"

"ನಾನ."

ದ್ರಾಕ್ಷಾಯಿಣಿ ಬಗ್ಗಿ ನೋಡಿದಳು. ಹಿತ್ತಾಳೆಯ ಮೈ ಹೊಳೆಯುತ್ತಿತ್ತು. ಆದರೆ ಸಂದುಗೊಂದುಗಳಲ್ಲಿ, ಹಿಡಿಕೆಯ ಬುಡದಲ್ಲಿ, ಹಸಿರು ಕಿಲುಬು ಹಬ್ಬಿತ್ತು. ಪೆನ್ನಿನ ತುದಿಯಿಂದ ಕಂಕಣವನ್ನು ಸ್ವಲ್ಪ ಎತ್ತಿದಳು. ದಾರದ ಅಡಿಯಲ್ಲೂ ಕಿಲುಬು. ದಾರ ಮಾತ್ರ ಹೊಚ್ಚಹೊಸ ಹಳದಿ, ಒಂದು ಕಲೆಯಿಲ್ಲ. ಅಂದರೆ ಮೊದಲು ಏನೋ ಸುರಿದಿದ್ದಾರೆ, ಆಮೇಲೆ ದಾರ ಕಟ್ಟಿದ್ದಾರೆ.

ಇದನ್ನು ಅಂದಾನೆಪ್ಪನಿಗೆ ಕೇಳಿದ್ದರೆ ಅವನೊಂದು ಕತೆ ಕಟ್ಟುತ್ತಿದ್ದ. ಆಕೆ ಕೇಳಲಿಲ್ಲ. ದನಿ ಎತ್ತರಿಸಿ, ಬಾಗಿಲ ಕಡೆಗೆ ಕೇಳುವಂತೆ ಹೇಳಿದಳು.

"ಇದೆಂಥಾ ಪೂಜಿರಿ ಸಾವಕಾರ್ರ? ಹಿತ್ತಾಳಿಗೆ ಕಿಲುಬು ಹಿಡದೈತಿ. ತಿಕ್ಕಿ ತೊಳಿಯೂದು ಬರೂದಿಲ್ಲೇನು ನಿಮ್ಮ ಮನಿ ಹೆಣ್ಣಮಕ್ಕಳಿಗೆ?"

ಕಂಬಳಿಯ ಮೇಲೆ ಸಿದ್ದವ್ವನ ಬೆನ್ನು ನೆಟ್ಟಗಾಯಿತು.

"ಯಾರವ್ವಾ ಅದು ಅನ್ನಾಕಿ? ಈ ಮನಿಗೆ ಬಂದು ಅರವತ್ತು ವರ್ಷಾತು. ಹುಣಸೀಹಣ್ಣು ಹಚ್ಚಿ ನಾನ ತಿಕ್ಕೇನಿ. ಕನ್ನಡಿ ಆಗಿತ್ತು ಕನ್ನಡಿ."

"ಮತ್ತ ಈ ಕಿಲುಬು ಎಲ್ಲಿಂದ ಬಂತು ಅಮ್ಮಾರ? ಪೂಜಿ ಮಾಡೂ ಮುಂದ ನೀರು ಬಿದ್ದಿರಬೇಕು."

"ಪೂಜಿಗೆ ಅದಕ್ಕ ನೀರ ಮುಟ್ಟಸೂದಿಲ್ಲ. ಅದು ಗೋಮೂತ್ರದ ಕಿಲುಬು. ಬನ್ನಿ ದಿನಾ ನಸುಕಿನ್ಯಾಗ ಹಾಕಿದ್ದು. ಮೈಲಿಗಿ ಆಗೈತಿ ಅಂದ್ರ ಹಾಕಬೇಕಲ್ಲ? ನಳಗಿಯೊಳಗ ಸೈತ ಬಿಟ್ಟೇನಿ, ತುದೀತನಾ. ಆಮ್ಯಾಲೆ ಹೊಸಾ ದಾರಾ ಕಟ್ಟೇನಿ. ಪದ್ಧತಿ ಬಿಟ್ಟಾಕಿ ಅಲ್ಲ ನಾ."

"ಅವ್ವಾ, ಸುಮ್ನ ಕುಂದ್ರು" ಎಂದ ಅಂದಾನೆಪ್ಪ. ಅವನ ನಗು ಬಿದ್ದುಹೋಗಿತ್ತು. "ವಯಸ್ಸಾಗೇತ್ರಿ. ಹೋದ ವರ್ಷದ್ದು ಈ ವರ್ಷದ್ದು ಕಲಸ್ತಾಳ."

ದ್ರಾಕ್ಷಾಯಿಣಿ ಜೇಬಿನಿಂದ ಕತ್ತರಿ ತೆಗೆದಳು. ದಾರದ ತುಂಡನ್ನು ಕವರಿಗೆ ಹಾಕಿದಳು. ಪೂಜೆಯ ಬಂದೂಕು ಮುಟ್ಟಬೇಡಿ ಎಂದು ಶಶಿಕಾಂತ ಅಡ್ಡ ಬಂದ. ಅವನ ಕಡೆ ಆಕೆ ಒಮ್ಮೆ ನೋಡಿದ ನೋಟಕ್ಕೆ ಅವನೇ ಪಕ್ಕಕ್ಕೆ ಸರಿದ.

ಹಿಡಿಕೆ ಜಪ್ಪಯ್ಯ ಎನ್ನಲಿಲ್ಲ. ಬಂದೂಕನ್ನು ಮೊಣಕಾಲಿಗೆ ಒತ್ತಿಟ್ಟು ಮೈಭಾರವೆಲ್ಲ ಹಾಕಿ ಜಗ್ಗಿದಳು. ಕರಕರ ಎಂದು, ಕೊನೆಗೊಮ್ಮೆ ಖಟಕ್ಕೆಂದು ಬಾಯಿ ಬಿಟ್ಟಿತು. ಖಾಲಿ ತೋಟಾ ಒಂದು ಚಿಮ್ಮಿ ದೇವರ ಕೋಣೆಯ ನೆಲದ ಮೇಲೆ ಉರುಳಿತು.



ಆಕೆ ಕೈವಸ್ತ್ರದಲ್ಲಿ ಅದನ್ನು ಎತ್ತಿ ಬೆಳಕಿಗೆ ಹಿಡಿದಳು. ತೋಟಾ ಉಬ್ಬಿತ್ತು. ಅದಕ್ಕೇ ಸಿಕ್ಕಿಕೊಂಡಿತ್ತು. ಬಾಯಂಚಿಗೆ ಹಸಿರು ಕಿಲುಬು ಹತ್ತಿತ್ತು. ನಳಿಗೆಯೊಳಗೆ ಗೋಮೂತ್ರ ಬಿಡುವಾಗ ಇದು ಒಳಗೇ ಇತ್ತು ಎಂಬುದಕ್ಕೆ ಇನ್ನಾವ ಸಾಕ್ಷಿಯೂ ಬೇಕಿರಲಿಲ್ಲ.

"ಪಂದ್ಯಾದ್ದ ಇರಬೇಕ್ರಿ ಅದು" ಎಂದ ಶಶಿಕಾಂತ.

"ಪಂದ್ಯಾ ಮುಗದ ಮ್ಯಾಲೆ ನಿಮ್ಮಪ್ಪಾರು ಕೈಯಾರೆ ಹೊಟ್ಟಿ ಖಾಲಿ ಮಾಡ್ಯಾರಂತ. ಈಗ ಇನ್ನ ಹೇಳಿದ್ರು. ಹೌದಿಲ್ರಿ ಸಾವಕಾರ್ರ?"

ಅಂದಾನೆಪ್ಪ ಗೋಡೆಗೆ ಒರಗಿದ.

"ಖಾಲಿ ಮಾಡಿ ಪೂಜಿಗೆ ಇಟ್ರಿ. ಆ ರಾತ್ರಿ ಯಾರೋ ಬಂದೂಕು ಹೊರಗ ಒಯ್ದು, ಕಂಕಣಾ ಹರದು ಒಂದು ತೋಟಾ ಹಾಕಿದ್ರು. ಹೇಮಪ್ಪನ ಕೈಯಾಗ ಮತ್ತ ಕುಂಬಳಕಾಯಿ ಕೊಟ್ರಿ. ಕುಡದಿದ್ರಿ, ಕತ್ತಲಿತ್ತು, ಈ ಸಲ ಕಾಯಿಗೆ ಬೀಳಲಿಲ್ಲ. ಖಾಲಿ ತೋಟಾ ಸಿಕ್ಕೊಂತು, ತಗಿಯಾಕ ಬರಲಿಲ್ಲ. ಖರೇ ಹೌದಿಲ್ಲೋ?"

"ಬೇಕಂತ ಮಾಡಿದ್ದಲ್ಲರಿ." ಅಂದಾನೆಪ್ಪನ ದನಿ ಕುಗ್ಗಿತ್ತು. "ಹುಡುಗರ ಹುಡುಗಾಟಕಿ."

"ಅಪ್ಪಾ" ಎಂದ ಶಶಿಕಾಂತ ಹಲ್ಲು ಕಚ್ಚಿ.

"ಇಷ್ಟ್ ದೊಡ್ಡ ಮನಿ, ಮುಂಜಾನಾದ್ರ ಊರ ಮಂದಿ ಎಲ್ಲಾ ಬನ್ನಿ ಕೊಡಾಕ ಬರೋರು. ಮುತ್ಯಾನ ಕಾಲದ ಬಂದೂಕಿಗೆ ಮೈಲಿಗಿ ಆತು. ಹಂಗ ದೇವರ ಮುಂದ ಇಡಾಕ ಬರತದೇನ್ರಿ? ನೀವ ಹೇಳ್ರಿ."

ದ್ರಾಕ್ಷಾಯಿಣಿಗೆ ಬಂದದ್ದು ಸಿಟ್ಟಲ್ಲ, ಸಿಟ್ಟಾಗಿದ್ದರೆ ಎಷ್ಟೋ ವಾಸಿಯಿತ್ತು. ಕೊಳೆತದ್ದನ್ನು ತುಳಿದುಬಿಟ್ಟಾಗ ಕಾಲಿಗಾಗುತ್ತದಲ್ಲ, ಅಂಥ ಹೇಸಿಗೆ ಆಕೆಯ ಮೈತುಂಬ ಹರಡಿತು.

"ಬಂದೂಕಿಗೆ ಸ್ನಾನಾ ಆತು, ವಿಭೂತಿ ಆತು, ಹೊಸಾ ದಾರಾ ಆತು" ಎಂದಳು ನಿಧಾನವಾಗಿ. "ಹೇಮಪ್ಪಗ ಏನ್ ಮಾಡಿದ್ರಿ? ಮೈಮ್ಯಾಲೆ ಒಂದು ಅರಿವಿ ಹಾಕಲಿಲ್ಲ. ಹುಳಾ ಬಿದ್ದ ಚಿಗರಿ ತಂದು ಮಗ್ಗಲಿಗೆ ಹಾಕಿ ಕಳ್ಳನ್ನ ಮಾಡಿದ್ರಿ. ಅವನ ಹೇಣ್ತಿ ಹಾವೇರಿಯಾಗ ಕುಂತಾಳ. ಆಕೀಗೆ ಹೋಗಿ ಹೇಳ್ರಿ, ಬಂದೂಕು ಶುದ್ಧ ಆಗೈತಿ ಅಂತ."

"ಹೆಣಾ ಒಯ್ದದ್ದು ನಾವಲ್ಲರಿ" ಎಂದ ಅಂದಾನೆಪ್ಪ ಥಟ್ಟನೆ. "ದೇವರಾಣಿ. ಆ ಚಿಗರಿ ಎಲ್ಲಿಂದ ಬಂತೋ ನಮಗ ಗೊತ್ತಿಲ್ಲ. ಎಲ್ಲಾ ನಾ ನೋಡ್ಕೋತೇನಿ, ನೀವು ಒಂದ ಮಾತು ಆಡಬ್ಯಾಡ್ರಿ ಅಂದ..."

ಅಲ್ಲಿಗೆ ಬಾಯಿ ಮುಚ್ಚಿತು. ಶಶಿಕಾಂತ ತಂದೆಯ ಮೊಣಕೈ ಹಿಡಿದಿದ್ದ. ಇಬ್ಬರೂ ದ್ರಾಕ್ಷಾಯಿಣಿಯನ್ನು ನೋಡುತ್ತಿರಲಿಲ್ಲ. ಅವರ ಕಣ್ಣು ಆಕೆಯ ಹೆಗಲಿನಾಚೆ ಎಲ್ಲೋ ನೆಟ್ಟಿದ್ದವು.

"ಯಾರು ಅಂದ್ರು?"

ಶಶಿಕಾಂತ ತಂದೆಯ ಮೊಣಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

ಆಕೆ ಬಂದೂಕನ್ನು ಹಿಂದೆ ನಿಂತಿದ್ದ ಹನುಮೇಶನಿಗೆ ಕೊಟ್ಟಳು. "ಬಟ್ಟ್ಯಾಗ ಸುತ್ತು. ಪಂಚರು ಬರೂತನಕ ನಿನ್ನ ಕೈಯಾಗ ಇರಲಿ" ಎಂದಳು. ಹನುಮೇಶ ತಲೆಯಾಡಿಸಿ ಕೆಂಪು ಬಟ್ಟೆ ಎತ್ತಿಕೊಳ್ಳಲು ಪೀಠದತ್ತ ಬಗ್ಗಿದ. ಆಕೆ ತೋಟಾವನ್ನು ಮುಷ್ಟಿಯಲ್ಲಿ ಹಿಡಿದು, ಸಿದ್ದವ್ವನ ಎದುರು, ಪೀಠ ಓರೆಗಣ್ಣಿಗೆ ಕಾಣುವಂತೆ, ನೆಲದ ಮೇಲೆ ಕೂತಳು. ಇವತ್ತು ಸಂಜೆ ದೇವವ್ವನಿಗೆ ಹೇಳಲು ಒಂದು ಮಾತು ಸಿಗುವುದಿತ್ತು. ಅದಕ್ಕೆ ಈ ತೋಟಾ ಬೇಕು, ಈ ಮುದುಕಿಯ ಬಾಯಿಯೂ ಬೇಕು.

"ಅಮ್ಮಾರ, ನೀವು ಪದ್ಧತಿ ಬಿಡೋರಲ್ಲ. ಅದು ನನಗ ತಿಳೀತು. ನಸುಕಿನ್ಯಾಗ ಈ ಬಂದೂಕು ತಂದು ಕೊಟ್ಟಾಂವ ಯಾರು? ನಿಮ್ಮ ಮೊಮ್ಮಗನ?"

"ಶಶಿ ಅಲ್ಲವ್ವಾ. ಅಂವ ಹೊರಗ ಕುಂತು ಅಳತಿದ್ದ. ನನ್ನ ಮಗಾ ದೀಪಾ ಹಿಡದಿದ್ದ. ಹಿತ್ತಲ ಬಾಗಲಿಗೆ ಬಂದು ನನ್ನ ಕೈಯಾಗ ಬಂದೂಕು ಇಟ್ಟಾಂವ ಬ್ಯಾರೆ. ಮೈಯೆಲ್ಲಾ ನಾರತಿತ್ತು, ಸತ್ತ ದನಾ ಹೊತ್ತಂಗ."

"ಹೆಸರು?"

"ನನಗ ಕಣ್ಣ ಎಲ್ಲಿ ಅದಾವು? ಅಂವ ಪಿಟ್ ಅನ್ನಲಿಲ್ಲ."

ಮುದುಕಿ ಹಿತ್ತಲ ಕಡೆಗೆ ಕೈ ತೋರಿಸಿದಳು.

"ಹಿತ್ತಲದಾಗ ಮೆಣಸಿನಕಾಯಿ ಚೀಲ ಇದ್ವು ನೋಡು. ಒಂದ ಸವನ ಸೀನಿದ. ಸೀನಿ, ಸಿದ್ಧಾರೂಢನ್ನ ನೆನಸಿದ. ಕೊಲಿ ಸುದ್ದಿ ನನಗ ಯಾರು ಹೇಳ್ಯಾರ? ದೇವರ ಹೆಸರು ತಗೊಂಡಾನ, ಚಲೋ ಮನಶ್ಯಾನ ಇರಬೇಕು ಅಂದ್ಕೊಂಡೆ."

ದ್ರಾಕ್ಷಾಯಿಣಿಗೆ ಜೀಪಿನಲ್ಲಿ ಕೇಳಿದ ಮಾತು ನೆನಪಾಯಿತು.

ಮೊಣಕಾಲಿಗೆ ಒತ್ತಿ ಜಗ್ಗಿದರೂ ಬರುವುದಿಲ್ಲ ಎಂದಿದ್ದ ಹನುಮೇಶ. ವಿಡಿಯೋದಲ್ಲಿ ಅದೇ ಹಿಡಿಕೆ ಎರಡು ಬೆರಳಿಗೆ ಬಂದಿತ್ತು. ಅದು ಬಿಗಿಯಾದದ್ದು ಹೇಮಪ್ಪನ ಎದೆಗೆ ಗುಂಡು ಹೊಕ್ಕ ಮೇಲೆ. ಹಾಗೆಂದು ಗೊತ್ತಿರುವುದು ಆ ರಾತ್ರಿ ಅದನ್ನು ಜಗ್ಗಿ ನೋಡಿದವನಿಗೆ ಮಾತ್ರ. ದಾರಿಯುದ್ದಕ್ಕೂ ವಟಗುಟ್ಟಿದವನು ಈ ಮನೆಯ ಹೊಸ್ತಿಲು ದಾಟಿದ ಮೇಲೆ ಒಂದೇ ಒಂದು ಮಾತಾಡಿರಲಿಲ್ಲ, ಈ ಮುದುಕಿಯ ಕಿವಿಗೆ ಹೆದರಿ.

ಆಕೆಯ ಬೆನ್ನ ಹಿಂದೆ, ಕರವಸ್ತ್ರದೊಳಗೆ ಬಹಳ ಹೊತ್ತಿನಿಂದ ತಡೆಹಿಡಿದಿದ್ದ ಸೀನು ಸಿಡಿಯಿತು. ಮತ್ತೊಂದು, ಮಗದೊಂದು. ಆಮೇಲೆ ರೂಢಿ ಬಿಡದ ಬಾಯಿ ತನ್ನಷ್ಟಕ್ಕೆ ತಾನೇ ಅಂದಿತು.

"ಯಪ್ಪಾ ಸಿದ್ಧಾರೂಢಾ."

ಸಿದ್ದವ್ವನ ಮುಖ ಅರಳಿತು. ದನಿ ಬಂದ ಕಡೆ ಬೆರಳು ತೋರಿಸಿದಳು. "ಇಂವನ ನೋಡವ್ವಾ, ಅವತ್ತು ಬಂದಾಂವ."

ದ್ರಾಕ್ಷಾಯಿಣಿ ತಿರುಗಲಿಲ್ಲ. ಆಕೆಯ ಕಣ್ಣು ಪೀಠದ ಪಕ್ಕದ ತಟ್ಟೆಯ ಮೇಲಿತ್ತು. ಕುಂಕುಮ ಹಚ್ಚಿ ನಿಲ್ಲಿಸಿದ್ದ ತೋಟಾಗಳ ಸಾಲಿನಲ್ಲಿ ಈಗ ಒಂದು ಜಾಗ ಖಾಲಿ ಇತ್ತು.

"ಹನುಮೇಶ, ಬಂದೂಕು ಕೆಳಗಿಡು" ಎಂದಳು.

ಅಂದಾನೆಪ್ಪ ಗೋಡೆ ಬಿಟ್ಟು ಬಂದು ಕೋಣೆಯ ಬಾಗಿಲು ಮುಚ್ಚಿದ. ಹಿಂದಿನಿಂದ ಹಿಡಿಕೆ ಮೇಲಕ್ಕೆ ಬಂದು ಕೂತ ಸಪ್ಪಳ ಕೇಳಿಸಿತು. ಈ ಸಲ ಅದು ಎಲ್ಲೂ ತಡೆಯಲಿಲ್ಲ.